ತಿರುವಿಟ್ಟ ಅಂಕಿ

ಜಯತೀರ್ಥರ ಒಳ್ಳೆಯತನ ಆಗಾಗ ಅವರ ಕಾಲಿಗೇ ತೊಡರುತ್ತಿತ್ತು. ಧಾರವಾಡದಿಂದ ಬಂದು ಕಾಶಿಯ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ ದುಡಿದ ಅವರಿಗೆ ಇದ್ದದ್ದು ಒಂದೇ ಆಸೆ. ತಪ್ಪು ಹುಡುಕುವ ಸಾಧನವಾದ ಡಿಬಗ್ಗರ್, ಓಡುತ್ತಿರುವ ಪ್ರೋಗ್ರಾಮನ್ನು ನಡುವೆ ನಿಲ್ಲಿಸಿದಾಗ, ಮೆಮೊರಿಯ ಒಂದೊಂದು ಬೈಟೂ ಹುಡುಗರು ಕೋಡ್ ಬರೆಯುವ ಎಡಿಟರ್‌ನಲ್ಲೇ ಕಾಣಬೇಕು. ಆರು ತಿಂಗಳು ಕೂತು ಅಂಥ ಕಿಟಕಿಯೊಂದನ್ನು ತಾವೇ ಬರೆದರು. ಆದರೆ ಆ ಡಿಬಗ್ಗರ್ ನೂರಾರು ಜನ ಸೇರಿ ಕಟ್ಟುವಂಥದ್ದು, ಈ ಕಿಟಕಿಯನ್ನು ಅದಕ್ಕೆ ಸೇರಿಸಲು ಅವರು ಒಪ್ಪಬೇಕು. ಸೋಮವಾರ ತರಗತಿ ಶುರು. ಅಷ್ಟರೊಳಗೆ ಒಪ್ಪದಿದ್ದರೆ ಈ ವರ್ಷದ ಮಕ್ಕಳಿಗೂ ಅದು ಸಿಗುವುದಿಲ್ಲ.

ಅವರಿಗೆ ಕಳಿಸಿದ್ದು ಶುಕ್ರವಾರ ತಿದ್ದಲು ವಾಪಸು ಬಂತು. ಕಂಪ್ಯೂಟರು ಸಂಖ್ಯೆಯ ಬಾಲವನ್ನು ಮೊದಲು ಇಟ್ಟುಕೊಳ್ಳುತ್ತದೆ. 12 34 ಎಂಬುದು ಮೆಮೊರಿಯಲ್ಲಿ 34 12. ಮಕ್ಕಳು ಗಾಬರಿಯಾದಾರೆಂದು ಜಯತೀರ್ಥರು ಅದನ್ನು ತಿರುವಿ ನೆಟ್ಟಗೆ ಮಾಡಿದ್ದರು. ಕೈ ಕೆಸರಾದರೆ ಬಾಯಿ ಮೊಸರು ಎಂದು ಊರಿಗೆಲ್ಲ ಹೇಳುವ ಮನುಷ್ಯ, ಮಕ್ಕಳ ಕೈಗೆ ಕೆಸರೇ ತಾಗದಂತೆ ನೋಡಿಕೊಂಡಿದ್ದರು. 'ಇದ್ದದ್ದನ್ನು ಇದ್ದ ಹಾಗೇ ತೋರಿಸಿ' ಎಂದು, ಆ ಗುಂಪಿನ ಪರವಾಗಿ ಪರಿಶೀಲಿಸಿದ ಶ್ರೀಜಾ ಬರೆದಿದ್ದಳು. "ನಿನ್ನೆ ಮೊನ್ನೆ ಬಂದಾಕಿ ನನಗ ಹೇಳ್ತಾಳ," ಎಂದು ಜಯತೀರ್ಥರು ಲ್ಯಾಪ್‌ಟಾಪ್ ಮುಚ್ಚಿಟ್ಟರು.

ಭಾನುವಾರ ಬೆಳಿಗ್ಗೆ ಭೇಲೂಪುರದ ಮನೆಯಲ್ಲಿ ಹೆಂಡತಿ ವಸಂತಾ, ಹನುಮಾನ್ ಘಾಟಿನ ಆಚಾರ್ಯರ ಫೋನ್ ನಂಬರನ್ನು ಮಗಳು ಅದಿತಿಗೆ ಹೇಳುತ್ತಿದ್ದರು. ಹಿಂದಿಯಲ್ಲಿ ಎಪ್ಪತ್ತೆರಡಕ್ಕೆ 'ಬಹತ್ತರ್'. ಎರಡು ಮೊದಲು, ಎಪ್ಪತ್ತು ಆಮೇಲೆ. ಅದರಲ್ಲೇ ಬೆಳೆದ ಅದಿತಿ ಕನ್ನಡದ ಎಪ್ಪತ್ತೆರಡು ಕೇಳಿದರೆ 27 ಬರೆಯುತ್ತಿದ್ದಳು. ತಿದ್ದುತ್ತ ಕೂರುವವರು ಯಾರೆಂದು ವಸಂತಾ 72 ಇದ್ದಲ್ಲಿ ತಾವೇ 'ಇಪ್ಪತ್ತೇಳು' ಎಂದು ತಿರುವಿ ಹೇಳುವ ರೂಢಿ ಮಾಡಿಕೊಂಡಿದ್ದರು. ಇವತ್ತು ಫೋನು ಸೋನಾರ್‌ಪುರದ ಟೈರಿನ ಅಂಗಡಿಗೆ ಹೋಯಿತು.

"ನೀ ಇಪ್ಪತ್ತೇಳು ಅಂದಿ, ನಾ ಇಪ್ಪತ್ತೇಳು ಒತ್ತಿದೆ. ನನಗೀಗ ಕನ್ನಡ ಅಂಕಿ ಸರಿಯಾಗೇ ಬರ್ತದವ್ವಾ," ಎಂದಳು ಅದಿತಿ.

"ನಿನಗ ತ್ರಾಸ ಆಗಬಾರದಂತ ಹಂಗ ಹೇಳ್ತಿದ್ದೆ," ಎಂದರು ವಸಂತಾ.

"ಅದಕ್ಕ ಇಷ್ಟು ವರ್ಷ ಕಲೀಲಿಲ್ಲ ನಾ."

ಮಗಳು ಹೇಳಿದ್ದು ತಾಯಿಗೆ, ನಾಟಿದ್ದು ತಂದೆಗೆ. ಜಯತೀರ್ಥರಿಗೆ ನಿಜಕ್ಕೂ ನಾಚಿಕೆಯಾಯಿತು. ಚಹಾ ಆರುವ ಮುನ್ನವೇ ಲ್ಯಾಪ್‌ಟಾಪ್ ತೆರೆದು, ಅಂಕಿ ತಿರುವುವ ಹನ್ನೊಂದು ಸಾಲು ಕೋಡ್ ಅಳಿಸಿ, 'ನೀವು ಹೇಳಿದ್ದೇ ಸರಿ' ಎಂದು ಶ್ರೀಜಾಳಿಗೆ ಬರೆದು ಕಳಿಸಿದರು. ಸಂಜೆಯೊಳಗೆ ಒಪ್ಪಿಗೆ ಬಂತು. ಅವತ್ತು ಅವರು ಎರಡು ಸಲ ಸಾರು ಹಾಕಿಸಿಕೊಂಡರು.

ಸೋಮವಾರ ತರಗತಿಯಲ್ಲಿ ಮೊದಲ ಬೆಂಚಿನ ಕೌಸಲ್ಯಾ ಪರದೆಯ ಮೇಲೆ 34 12 ನೋಡಿ ಕೈ ಎತ್ತಿದಳು. "ಸರ್, ಯೇ ತೋ ಉಲ್ಟಾ ಹೈ."

ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಜಯತೀರ್ಥರು ಅದನ್ನು ನುಂಗಿಕೊಂಡು, ಕುರ್ಚಿ ಎಳೆದು ಅವಳ ಪಕ್ಕ ಕೂತರು. ಹತ್ತು ನಿಮಿಷ ಹಿಡಿಯಿತು. ಆಮೇಲೆ ಅವಳೇ ಬೆರಳಿಟ್ಟು ಬಲದಿಂದ ಎಡಕ್ಕೆ 12 34 ಎಂದು ಓದಿದಳು, ತಪ್ಪಿಲ್ಲದೆ.