ಪೆಟ್ಟಿಗೆಗೆ ಹಾಕುವ ಮೊದಲು

ಕಂಪ್ಯೂಟರಿನ ಭಾಗಗಳನ್ನು ಮೇಜಿನ ಮೇಲೆ ಪರೀಕ್ಷಿಸದೆ ನೇರ ಕೇಸಿನ ಪೆಟ್ಟಿಗೆಯೊಳಗೆ ಕೂರಿಸುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಎರಡು ಸಾವಿರದ ಇಸವಿಯ ಆಚೀಚೆ ಉಡುಪಿಯಲ್ಲಿದ್ದ ನನ್ನ ಅಂಗಡಿಯಲ್ಲಿ ಈ ವಿಷಯಕ್ಕೆ ರಾಜಿ ಇರಲಿಲ್ಲ. ಮದರ್‌ಬೋರ್ಡನ್ನು ಅದು ಬಂದ ರಟ್ಟಿನ ಡಬ್ಬದ ಮೇಲೆಯೇ ಮಲಗಿಸಿ, ಪ್ರೊಸೆಸರ್, ಫ್ಯಾನ್, ರ‍್ಯಾಮ್ ಸಿಕ್ಕಿಸಿ, ಪವರ್ ಎಂದು ಬರೆದ ಎರಡು ಪಿನ್ನುಗಳಿಗೆ ಸ್ಕ್ರೂ ಡ್ರೈವರಿನ ತುದಿ ತಾಗಿಸುತ್ತಿದ್ದೆ. ಬಟನ್ ಮಾಡುವ ಕೆಲಸವನ್ನು ಆ ತುದಿಯೇ ಮಾಡುತ್ತದೆ. ಫ್ಯಾನ್ ತಿರುಗಿ, ಒಂದು ಬೀಪ್ ಬಂದು, ಪರದೆಯಲ್ಲಿ ಅಕ್ಷರ ಮೂಡಿದರೆ ಮಾತ್ರ ಮುಂದಿನ ಮಾತು.

ಕಾಪುವಿನಿಂದ ಬಂದ ಒಬ್ಬ ಹೆಂಗಸು ಇದಕ್ಕೇ ಅಡ್ಡ ಬಂದರು. ಬೀಡಿ ಕಟ್ಟಿಕೊಂಡೇ ಟೈಪಿಂಗ್ ಕಲಿತವರು. ಮನೆಯ ಜಗಲಿಯಲ್ಲಿ ಟೈಪಿಂಗ್ ಅಂಗಡಿ ತೆರೆಯುವ ಆಸೆ ಅವರದು.

"ಇಲ್ಲಿ ಚಾಲೂ ಮಾಡಬೇಡಿ. ಮೊದಲ ಸಲ ನಮ್ಮ ಮನೆಯಲ್ಲೇ ಆಗಬೇಕು. ನಾಳೆ ಬೆಳಿಗ್ಗೆ ಮುಹೂರ್ತ ಉಂಟು."

"ಹಾಳಾದ ಬೋರ್ಡಿಗೆ ಮುಹೂರ್ತ ಗೊತ್ತಾಗುತ್ತದಾ ಅಕ್ಕ?" ಎಂದೆ.

"ನಿಮಗೆ ತಮಾಷೆ. ನನ್ನ ಅತ್ತೆ ಒಪ್ಪಿದ್ದೇ ಕಷ್ಟದಲ್ಲಿ. ಮುಹೂರ್ತದಲ್ಲಿ ತೊಡಕಾದರೆ ಅಂಗಡಿ ಬೇಡ, ಬೀಡಿಯೇ ಸಾಕು ಅಂತ ಹೇಳಿದ್ದಾರೆ."

ನನಗೂ ಸಿಟ್ಟು ಬಂತು. ಪರೀಕ್ಷೆ ಮಾಡದೆ ಕೊಡುವ ಪ್ರಶ್ನೆಯೇ ಇಲ್ಲ, ಬೇರೆ ಅಂಗಡಿ ನೋಡಿಕೊಳ್ಳಿ ಎಂದುಬಿಟ್ಟೆ. ಅವರು ಹೋಗಲಿಲ್ಲ. ಮೇಜಿನ ಮೇಲೆ ಹರಡಿದ್ದನ್ನು ಒಂದೊಂದಾಗಿ ನೋಡಿದರು.

"ಕೇಸಿಗೆ ಹಾಕುವ ತನಕ ಇದು ಕಂಪ್ಯೂಟರ್ ಅಲ್ಲ, ಅಲ್ವಾ?"

"ಅಲ್ಲ. ಬರೀ ಸಾಮಾನು."

"ಹಾಗಾದರೆ ಸಾಮಾನನ್ನು ಎಷ್ಟು ಬೇಕಾದರೂ ಪರೀಕ್ಷೆ ಮಾಡಿ. ಕೇಸಿಗೆ ಹಾಕಿದ ಮೇಲೆ ಮಾತ್ರ ಚಾಲೂ ಮಾಡಬಾರದು."

ಈ ವಕೀಲಿಕೆಗೆ ಒಪ್ಪಿ ಮಾತು ಕೊಟ್ಟೆ. ಪಿನ್ನುಗಳಿಗೆ ಸ್ಕ್ರೂ ಡ್ರೈವರ್ ತಾಗಿಸಿದೆ. ಬೋರ್ಡು ಉದ್ದುದ್ದ ಬೀಪ್ ಹಾಕಿ ಅಳತೊಡಗಿತು. ರ‍್ಯಾಮ್ ಕೆಟ್ಟಿತ್ತು. ಬೇರೆ ಹಾಕಿದ ಮೇಲೆ ಎಲ್ಲವೂ ಸರಿಯಾಯಿತು. "ನೋಡಿದಿರಾ?" ಎಂದು ಬೀಗಿದೆ. ಅವರೂ ನಕ್ಕರು. ಆಮೇಲೆ ಕೇಸಿಗೆ ಜೋಡಿಸಿ, ಮಾತು ಕೊಟ್ಟ ಹಾಗೆ ಚಾಲೂ ಮಾಡದೆ ಇಟ್ಟೆ.

ಮರುದಿನ ನಾನೇ ಅದನ್ನು ಒಯ್ದೆ. ಕಾಪುವಿನ ಆ ಜಗಲಿಯಲ್ಲಿ ದೀಪ ಹಚ್ಚಿ, ಕೇಸಿಗೆ ಕುಂಕುಮ ಇಟ್ಟಿದ್ದರು. ನೆರೆಯವರೆಲ್ಲ ಸೇರಿದ್ದರು, ನಡುವೆ ಕುರ್ಚಿಯಲ್ಲಿ ಅತ್ತೆ. ಸೊಸೆ ಕೈಮುಗಿದು ಬಟನ್ ಒತ್ತಿದರು. ಏನೂ ಆಗಲಿಲ್ಲ. ಮತ್ತೆ ಒತ್ತಿದರು.

"ನಾನು ಹೇಳಿದ್ದೆ," ಎಂದರು ಅತ್ತೆ ತುಳುವಿನಲ್ಲಿ, ಮೆಲ್ಲಗೆ. ಸೊಸೆ ನನ್ನ ಕಡೆ ತಿರುಗಿದರು.

ಮೇಜಿನ ಮೇಲೆ ಎಲ್ಲವನ್ನೂ ಪರೀಕ್ಷಿಸಿದ್ದೆ, ಕೇಸಿನ ಬಟನ್ ಒಂದನ್ನು ಬಿಟ್ಟು. ಅಲ್ಲಿ ಸ್ಕ್ರೂ ಡ್ರೈವರೇ ಬಟನ್ ಆಗಿತ್ತಲ್ಲ. ಕೇಸಿನ ಪಕ್ಕದ ತಗಡು ಬಿಚ್ಚಿ, ಬಟನಿನ ತಂತಿಯನ್ನು ಪಿನ್ನುಗಳಿಂದ ಕಿತ್ತೆ. ನನ್ನ ಕೈ ಅಭ್ಯಾಸದಂತೆ ಒಳಗೆ ಹೋಯಿತು, ಅಲ್ಲೇ ನಿಲ್ಲಿಸಿದೆ. ಸ್ಕ್ರೂ ಡ್ರೈವರನ್ನು ಸೊಸೆಯ ಕೈಗೆ ಕೊಟ್ಟೆ.

"ಶಾಕ್ ಹೊಡೆಯುವುದಿಲ್ಲ ಅಕ್ಕ. ಈ ಎರಡಕ್ಕೂ ಒಟ್ಟಿಗೆ ತಾಗಿಸಿ ಬಿಡಿ."

ಬೀಡಿ ಸುತ್ತಿ ಪಳಗಿದ ಬೆರಳುಗಳು ಗುರಿ ತಪ್ಪಲಿಲ್ಲ. ಫ್ಯಾನ್ ತಿರುಗಿತು, ಒಂದೇ ಒಂದು ಬೀಪ್. ಪರದೆಯಲ್ಲಿ ಅಕ್ಷರ ಮೂಡುವಾಗ ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಕೆಲವು ದಿನ ಬಿಟ್ಟು ಹೊಸ ಬಟನ್ ಹಿಡಿದು ನಾನು ಮತ್ತೆ ಹೋದಾಗ ಅತ್ತೆ ನೆರೆಮನೆಯವರಿಗೆ ಹೇಳುತ್ತಿದ್ದರು: "ನಮ್ಮ ಸೊಸೆ ಬರೀ ಟೈಪ್ ಮಾಡುವುದಲ್ಲ ಮಾರಾಯ್ತಿ, ಒಳಗೆ ಕೈ ಹಾಕಿ ಅದಕ್ಕೆ ಜೀವ ಬರಿಸುತ್ತಾಳೆ."

ನನ್ನ ಸ್ಕ್ರೂ ಡ್ರೈವರ್ ದೀಪದ ಪಕ್ಕದಲ್ಲಿತ್ತು, ಹಿಡಿಗೆ ಕುಂಕುಮ ಹಚ್ಚಿದ್ದರು. ಅದನ್ನು ತೆಗೆದುಕೊಳ್ಳಲು ಕೈ ಚಾಚಿದೆ.

"ಅದು ಅಲ್ಲೇ ಇರಲಿ," ಎಂದರು ಅತ್ತೆ. "ನಾಳೆಯೂ ಅವಳು ಅದರಲ್ಲೇ ಅಂಗಡಿ ತೆರೆಯಬೇಕಲ್ವಾ?"