ಯಾರ ಕಡೆಯವರೂ ಅಲ್ಲದ ಅಂಪೈರ್

ನಮ್ಮ ಮಹಡಿಗೆ ಬಾಡಿಗೆಗೆ ಬಂದಿದ್ದ ಫಿಲಿಪ್ಪೀನ್ಸಿನ ಮೇಷ್ಟ್ರನ್ನು ಕ್ರಿಕೆಟ್ಟಿಗೆ ಎಳೆದವನು ನಾನೇ. ಬೆಂಗಳೂರಿನ ಉಲ್ಲಾಳದ ಕಡೆಯ ಒಂದು ಶಾಲೆಯಲ್ಲಿ ನಾನು ಕನ್ನಡ ಕಲಿಸಿದರೆ ಅವರು ಗಣಿತ ಕಲಿಸುತ್ತಿದ್ದರು. ಬೆಳಿಗ್ಗೆ ನನ್ನ ಸ್ಕೂಟರಿನ ಹಿಂದೆ ಕೂತು ಬರುವರು, ಸಂಜೆ ಚಂದ್ರಾ ಲೇಔಟಿನ ದರ್ಶಿನಿಯಲ್ಲಿ ನನ್ನ ಜೊತೆ ನಿಂತು ಕಾಫಿ ಕುಡಿಯುವರು. ಶನಿವಾರ ಬಟ್ಟೆ ಒಗೆದು, ಊರಿನಲ್ಲಿದ್ದ ಅಮ್ಮನ ಜೊತೆ ವಿಡಿಯೋ ಕಾಲಿನಲ್ಲಿ ಹರಟಿ, ಮೀನು ಹುರಿದು, ವಾಸನೆಯಿಂದ ತೊಂದರೆಯಾಯಿತೇ ಎಂದು ಕೆಳಗಿಳಿದು ಬಂದು ಕೇಳುವರು. ನನ್ನ ಹೆಂಡತಿಗೆ ಬೇಜಾರಿದ್ದದ್ದು ವಾಸನೆಗಲ್ಲ, ಒಂದು ತುಂಡಾದರೂ ತಂದುಕೊಡಲಿಲ್ಲವಲ್ಲ ಎಂದು. ಅದನ್ನು ಬಾಯಿಬಿಟ್ಟು ಹೇಳಿದ ಮೇಲೆ ಪ್ರತಿ ಶನಿವಾರ ಒಂದು ತಟ್ಟೆ ಕೆಳಗೆ ಬರತೊಡಗಿತು.

ಭಾನುವಾರ ಮಾತ್ರ ಅವರಿಗೆ ಕಷ್ಟ. ಚರ್ಚಿನಿಂದ ಬಂದ ಮೇಲೆ ಏನು ಮಾಡಬೇಕೆಂದು ತೋಚದೆ ಟೆರೇಸಿನ ಮೇಲೆ ಅತ್ತಿಂದಿತ್ತ ಓಡಾಡುತ್ತಿದ್ದರು. ಒಮ್ಮೆ ನಾನೂ ಮೇಲೆ ಹೋಗಿ ಕೂತಾಗ ಮನಸ್ಸಿನಲ್ಲಿದ್ದದ್ದನ್ನು ಹೇಳಿದರು. ಮೊದಲು ವಿಯೆಟ್ನಾಂ, ಆಮೇಲೆ ಥಾಯ್ಲೆಂಡ್, ಈಗ ಇಲ್ಲಿ. ಹೋದಲ್ಲೆಲ್ಲ ಜನ ಚೆನ್ನಾಗಿಯೇ ನೋಡಿಕೊಂಡಿದ್ದಾರಂತೆ. ಆದರೆ ಎಲ್ಲ ಕಡೆಯೂ ತಾನು ಅತಿಥಿ. ಅತಿಥಿಗೆ ಎಲ್ಲರೂ ಕುರ್ಚಿ ಹಾಕುತ್ತಾರೆ, ಜಗಳಕ್ಕೆ ಮಾತ್ರ ಯಾರೂ ಬರುವುದಿಲ್ಲ ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಆಗ ನಮ್ಮ ಭಾನುವಾರದ ಕ್ರಿಕೆಟ್ ನಿಂತೇಹೋಗುವ ಹಾಗಾಗಿತ್ತು. ನಮ್ಮ ರಸ್ತೆಯವರಿಗೂ ಬ್ಯಾಡರಹಳ್ಳಿಯವರಿಗೂ ಟೆನಿಸ್ ಬಾಲಿನ ಮ್ಯಾಚು. ಆಡುವವರೆಲ್ಲ ತಲೆ ನರೆತವರು. ಬ್ಯಾಂಕಿನವರು, ಹಾರ್ಡ್‌ವೇರ್ ಅಂಗಡಿಯವರು, ಹೊಲವಿದ್ದ ಜಾಗದಲ್ಲಿ ಮಳಿಗೆ ಕಟ್ಟಿಸಿದವರು. ಅಂಪೈರ್ ಯಾರೇ ನಿಂತರೂ ಒಂದು ಕಡೆಯವರ ಭಾವಮೈದುನನೋ ಷಡ್ಡಕನೋ ಆಗಿರುತ್ತಿದ್ದ. ರನ್‌ಔಟ್ ಕೊಟ್ಟರೆ ಕೈ ಕೈ ಮಿಲಾಯಿಸುವ ತನಕ ಹೋಗುತ್ತಿತ್ತು. ಸುಳ್ಳೇಕೆ, ಕೂಗಾಡುವುದರಲ್ಲಿ ನನ್ನದು ಎತ್ತಿದ ಕೈ. ಯಾರ ನೆಂಟನೂ ಅಲ್ಲದ ಒಬ್ಬ ಮನುಷ್ಯ ನಮ್ಮ ತಲೆಯ ಮೇಲೇ ವಾಸವಾಗಿದ್ದಾನಲ್ಲ ಎಂದು ನನಗೆ ಹೊಳೆದದ್ದು ಅಂಥ ಒಂದು ಜಗಳದ ಮಧ್ಯೆಯೇ.

ಅವರಿಗೆ ಬಾಸ್ಕೆಟ್‌ಬಾಲ್ ಬಿಟ್ಟರೆ ಬೇರೆ ಆಟ ಗೊತ್ತಿರಲಿಲ್ಲ. ಒಂದು ವಾರ ಸ್ಕೂಟರಿನ ಹಿಂದಿನಿಂದ ನಿಯಮ ಕೇಳಿ ಕೇಳಿ ನನ್ನ ತಲೆ ತಿಂದರು. ಭಾನುವಾರ ಬಿಳಿ ಟೋಪಿ ಹಾಕಿಕೊಂಡು ಬಂದವರೇ ಎರಡೂ ತಂಡವನ್ನು ಸಾಲಾಗಿ ನಿಲ್ಲಿಸಿ, ತುಟಿಯ ಮೇಲೆ ಬೆರಳಿಟ್ಟರು. ಅಷ್ಟು ವರ್ಷ ಯಾರ ಮಾತೂ ಕೇಳದವರು ಬಾಯಿಗೆ ಬೀಗ ಹಾಕಿಕೊಂಡು ನಿಂತೆವು. ತಡವಾಗಿ ಬಂದ ಹಾರ್ಡ್‌ವೇರ್ ಅಂಗಡಿಯವನು ಕಾರಣ ಹೇಳಿಯೇ ಒಳಗೆ ಬರಬೇಕಾಯಿತು. ಔಟೋ ಅಲ್ಲವೋ ಖಾತ್ರಿಯಾಗದಿದ್ದರೆ ಅವರು ಸುಮ್ಮನೆ ‘ಮತ್ತೆ’ ಎನ್ನುತ್ತಿದ್ದರು. ಅಂದರೆ ಆ ಬಾಲನ್ನು ಮತ್ತೊಮ್ಮೆ ಹಾಕಬೇಕು. ತರಗತಿಯಲ್ಲಿ ಮಕ್ಕಳಿಗೆ ಮರುಪರೀಕ್ಷೆ ಕೊಡುವ ಅಭ್ಯಾಸವದು. ಪ್ರಪಂಚದಲ್ಲಿ ಎಲ್ಲೂ ಇಲ್ಲದ ಈ ನಿಯಮವನ್ನು ನಾವು ತಕರಾರಿಲ್ಲದೆ ಒಪ್ಪಿಕೊಂಡೆವು.

ಜಗಳ ನಿಂತಿತು. ಆಟ ಮುಗಿದ ಮೇಲೆ ಅವರಿಗೆ ಬಜ್ಜಿ ತಿನ್ನಿಸಲು ಎರಡೂ ಕಡೆಯವರು ಪೈಪೋಟಿಗೆ ಬಿದ್ದರು. ಆದರೆ ಒಂದು ದಿನ ಅವರು ಬಜ್ಜಿ ಕೈಯಲ್ಲಿ ಹಿಡಿದುಕೊಂಡೇ, ತನಗೆ ಎಂದಾದರೂ ಬ್ಯಾಟಿಂಗ್ ಸಿಗುತ್ತದೆಯೇ ಎಂದು ನನ್ನನ್ನು ಕೇಳಿದರು. ನೀವು ಒಂದು ಕಡೆ ಸೇರಿದರೆ ನಾವು ಮತ್ತೆ ಹೊಡೆದಾಡಿಕೊಳ್ಳುತ್ತೇವೆ ಎಂದೆ. ಹೌದು, ಹೌದು ಎಂದು ತಲೆಯಾಡಿಸಿದರು. ಮುಖ ಸಪ್ಪಗಾಗಿದ್ದು ನನಗೆ ಕಂಡಿತು. ಇಲ್ಲಿಯೂ ನಾವು ಅವರಿಗೆ ಕುರ್ಚಿಯನ್ನೇ ಹಾಕಿದ್ದೆವು.

ಹೀಗೆ ವರ್ಷವೊಂದು ಕಳೆದು ನವೆಂಬರಿನ ಕಪ್ ಮ್ಯಾಚು ಬಂತು. ಟಾಸ್ ಹಾಕುವ ಹೊತ್ತಿಗೆ ಬ್ಯಾಡರಹಳ್ಳಿಯ ಕ್ಯಾಪ್ಟನ್ ಕೈ ಅಡ್ಡ ಹಿಡಿದ.

“ಈ ಅಂಪೈರ್ ಬೇಡ ಸಾರ್. ಇವ್ರು ನಿಮ್ಮವ್ರು.”

ನನ್ನ ಪಿತ್ತ ನೆತ್ತಿಗೇರಿತು. ಅವನು ಬಿಡದೆ ಒಂದೊಂದೇ ಎತ್ತಿ ಆಡಿದ. ನಮ್ಮ ಮನೆಯಲ್ಲಿ ಇರುವುದು, ನಮ್ಮ ಮನೆಯ ಹೋಳಿಗೆ ತಿನ್ನುವುದು, ನನ್ನ ತಾಯಿಗೆ ಮಂಡಿನೋವು ಬಂದಾಗ ಡಾಕ್ಟರ ಹತ್ತಿರ ಕರೆದುಕೊಂಡು ಹೋದದ್ದು, ಎಲ್ಲ ಅವನಿಗೆ ಗೊತ್ತಿತ್ತು. ನಮ್ಮ ರಸ್ತೆಯ ಗಣೇಶನ ಮುಂದೆ ಕುಣಿದವರು ಬ್ಯಾಡರಹಳ್ಳಿಯ ಗಣೇಶನನ್ನು ನೋಡಲು ಕೂಡ ಬರಲಿಲ್ಲವಂತೆ. ಇಷ್ಟು ನಿಯತ್ತಿನ ಮನುಷ್ಯನ ಮೇಲೆ ಅನುಮಾನವೇ ಎಂದು ನಾನು ಕೂಗಾಡತೊಡಗಿದೆ.

ಅಷ್ಟರಲ್ಲಿ ಮೇಷ್ಟ್ರು ನನ್ನ ತೋಳು ಹಿಡಿದು, ಅವನು ಏನು ಹೇಳುತ್ತಿದ್ದಾನೆ ಎಂದು ಕೇಳಿದರು. ನೋವಾಗದಿರಲೆಂದು ಏನೋ ತೇಲಿಸಿ ಹೇಳಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳು ಎಂದರು. ಹೇಳಿದೆ. ಅವರು ಕ್ಯಾಪ್ಟನ್ ಕಡೆ ತಿರುಗಿ, ನನ್ನತ್ತ ಬೆರಳು ತೋರಿಸಿ, ತಮಗೆ ಬರುವಷ್ಟು ಕನ್ನಡದಲ್ಲಿ ಕೇಳಿದರು.

“ನಾನು ಇವ್ರ ಕಡೆ?”

“ಮತ್ತೆ? ನಮ್ ಕಡೆ ಅಂತೂ ಅಲ್ಲ ಸಾರ್.”

ಮೇಷ್ಟ್ರು ಬಿಳಿ ಟೋಪಿ ತೆಗೆದು ಅವನ ತಲೆಯ ಮೇಲೆ ಇಟ್ಟರು. ಆಮೇಲೆ ನಮ್ಮ ಸಾಲಿಗೆ ಬಂದು ನಿಂತು, ತಮ್ಮ ಬ್ಯಾಟಿಂಗ್ ಯಾವಾಗ ಎಂದು ಕೇಳಿದರು. ಅವರಿಗೊಂದು ಕಡೆಯನ್ನು ಕೊಡಲು ನಮ್ಮಿಂದ ಆಗಿರಲಿಲ್ಲ, ಎದುರಾಳಿ ಕೊಟ್ಟಿದ್ದ.

ಕೊನೆಯವರಾಗಿ ಇಳಿದರು. ಮೊದಲ ಬಾಲಿಗೇ ಮೂರೂ ಸ್ಟಂಪು ಹಾರಿದವು. ಒಂದು ವರ್ಷ ನಮಗೆಲ್ಲ ಶಿಸ್ತು ಕಲಿಸಿದ ಆ ಮನುಷ್ಯ ಕ್ರೀಸು ಬಿಟ್ಟು ಕದಲಲಿಲ್ಲ. ಬ್ಯಾಟನ್ನು ನೆಲಕ್ಕೆ ಕುಟ್ಟುತ್ತಾ, “ನೋ ಬಾಲ್ ಗುರು, ಮತ್ತೆ ಹಾಕು” ಎಂದು ಜಗಳಕ್ಕೆ ನಿಂತರು. ಬ್ಯಾಡರಹಳ್ಳಿಯವರೆಲ್ಲ ಓಡಿಬಂದು ಸುತ್ತುವರಿದು, ಯಾವ ಮರ್ಯಾದೆಯೂ ಇಲ್ಲದೆ ಅವರ ಮೇಲೆ ಕೂಗಾಡಿದರು.