ಪೆಟ್ಟಿಗೆಯ ಕೆಳಗಿನ ಮೀಟರ್

ಬೀಗ ಮಾರುವ ನಮ್ಮಂಥವರು ಗಿರಾಕಿಯ ಮುಖ ನೋಡುವುದಿಲ್ಲ, ಕೈ ನೋಡುತ್ತೇವೆ. ಪಕ್ಕದ ಮನೆಯ ಹಿರಿಯ ಹೆಂಗಸಿಗೆ ಬೀದಿ ಇಟ್ಟ ಹೆಸರು ಬೀಗದಮ್ಮ. ಅವರ ಬೆರಳು ಸಣ್ಣ, ಹಿಡಿತ ಮಾತ್ರ ಇಕ್ಕಳದ್ದು. ಬೀಗದ ಲೆಕ್ಕದಲ್ಲಿ ಹೇಳುವುದಾದರೆ ಮಾಲು ಹಳೆಯದು, ತೂಕ ಕಡಿಮೆ, ಆದರೆ ಎಲ್ಲಿಯೂ ತುಕ್ಕಿಲ್ಲ. ಸೊಂಟದಲ್ಲಿ ಕೀಲಿಗೊಂಚಲು, ನಡೆದರೆ ಬೀದಿಗೆಲ್ಲ ಗೊತ್ತು. ಹಿಟ್ಟಿನ ಡಬ್ಬಿಗೆ ಬೀಗ, ಅಂಚೆ ಡಬ್ಬಿಗೆ ಬೀಗ, ಮನೆಯ ಪಕ್ಕದ ಓಣಿಯಲ್ಲಿದ್ದ ನಲ್ಲಿಗೂ ಸರಪಳಿ ಸುತ್ತಿ ಬೀಗ. ಗಂಡ ತೀರಿಕೊಂಡ ಮೇಲೆ ಹೊಲಿಗೆ ಯಂತ್ರ ತುಳಿದು ಬದುಕಿದವರು. ಬಟ್ಟೆಯನ್ನು ತಂದವರ ಎದುರಿಗೇ ಅಳೆದು, "ಆಮೇಲೆ ತುಂಡು ಹೊಡೆದೆ ಅನ್ನಬೇಡಿ" ಎನ್ನುವರು. ನನ್ನನ್ನು ನಂಬಿ ಎಂದು ಯಾರನ್ನೂ ಕೇಳಲಿಲ್ಲ, ತಾವೂ ಯಾರನ್ನೂ ನಂಬಲಿಲ್ಲ. ವ್ಯವಹಾರ ಚೊಕ್ಕವಾಗಿತ್ತು.

ಸೊಂಟದ ಮೂಳೆ ಮುರಿದು ಆಸ್ಪತ್ರೆ ಸೇರಿದ್ದ ಅವರ ತಂಗಿಯನ್ನು ಶನಿವಾರ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿದರು. ಅವಳಿಗೆ ಅಕ್ಕನ ಮನೆ ಬಿಟ್ಟರೆ ಬೇರೆ ನೆಲೆಯಿಲ್ಲ. ಮೆಟ್ಟಿಲು ಹತ್ತುವಂತಿಲ್ಲ, ಕೆಳಗೆ ಮಲಗಲು ಇರುವುದು ಒಂದೇ ಕೋಣೆ. ಅದರ ಗೋಡೆ ನೋಡಿದರೆ ಒದ್ದೆಮುದ್ದೆ, ಬೂಷ್ಟು ಹಿಡಿದು ಮುಟ್ಟಿದರೆ ಗಾರೆ ಕೈಗೇ ಬರುತ್ತಿತ್ತು. ಎದೆಯೂ ಹುಷಾರಿಲ್ಲದ ತಂಗಿಯನ್ನು ಅಲ್ಲಿ ಹೇಗೆ ಮಲಗಿಸುವುದು?

ಗೋಡೆಯಾಚೆ ಓಣಿ, ಓಣಿಯಾಚೆ ಬೀಗದ ಅಂಗಡಿಯವನ ನೀರಿನ ತೊಟ್ಟಿ. ಬೀಗದಮ್ಮನಿಗೆ ಕಳ್ಳ ಯಾರೆಂದು ತಿಳಿಯಲು ಅಷ್ಟು ಸಾಕಾಯಿತು.

"ನಿನ್ನ ತೊಟ್ಟಿ ಸೋರ್ತಿದೆ ಕಣಪ್ಪಾ. ಬೇಕಂತಲೇ ಬಿಟ್ಟಿದ್ದೀಯ. ಗೋಡೆ ಬಿದ್ರೆ ಮನೆ ಅಗ್ಗಕ್ಕೆ ಸಿಗುತ್ತೆ ಅಂತ ಲೆಕ್ಕ."

"ಅಮ್ಮಾ, ನಿಮ್ಮ ಮನೆ ತಗೊಂಡು ಅಷ್ಟು ಬೀಗ ತೆಗೆಯೋ ಆಯಸ್ಸು ನನಗೆಲ್ಲಿದೆ?" ಎಂದ ಅಂಗಡಿಯವನು. ಅವನಿಗೂ ಒಳಗೊಳಗೇ ಗುಮಾನಿ: ತಪ್ಪು ಇವರದೇ, ಹೊರೆ ಮಾತ್ರ ನನ್ನ ತಲೆಗೆ.

ಪ್ಲಂಬರ್ ಬಂದ. "ಜಗಳ ಆಮೇಲೆ ಆಡಿ. ಮೊದಲು ಮೀಟರ್ ತೋರಿಸಿ. ಎಲ್ಲಾ ನಲ್ಲಿ ನಿಲ್ಲಿಸೋಣ. ಆಗಲೂ ಮುಳ್ಳು ತಿರುಗಿದ್ರೆ ನಿಮ್ಮ ಪೈಪೇ ಸೋರ್ತಿದೆ ಅಂತ ಅರ್ಥ."

ಮೀಟರ್ ಎಲ್ಲಿ? ಹಾಕಿಸಿದವರು ಗಂಡ, ಅವರನ್ನು ಕೇಳುವಂತಿಲ್ಲ. ಗೇಟಿನ ಬುಡದಲ್ಲಿಲ್ಲ, ಹೂಕುಂಡಗಳ ಹಿಂದೆ ಇಲ್ಲ, ಮೆಟ್ಟಿಲ ಕೆಳಗಿಲ್ಲ. "ಕದ್ದಿದ್ದಾರೆ!" ಎಂದು ಬೀಗದಮ್ಮ ಅಂಗಡಿಯವನನ್ನು ದುರುಗುಟ್ಟಿ ನೋಡಿದರು.

ಪ್ಲಂಬರ್ ರಸ್ತೆಯ ಕಡೆಯಿಂದ ಪೈಪಿನ ಜಾಡು ಹಿಡಿದು ಜಗಲಿಗೆ ಬಂದ. ಅಲ್ಲಿ ಮೂಲೆಯಲ್ಲಿ ತಗಡಿನ ದೊಡ್ಡ ಪೆಟ್ಟಿಗೆ, ಮೈತುಂಬ ಬೀಗ.

"ಇದನ್ನ ಸರಿಸಬೇಕಲ್ಲಮ್ಮಾ."

"ಅದನ್ನ ಮುಟ್ಟಬೇಡ!"

"ಏನಿದೆ ಅದರಲ್ಲಿ?"

"ನಿನಗ್ಯಾಕೆ ಊರ ಉಸಾಬರಿ?"

ಇಬ್ಬರೂ ಗಂಡಸರು ಮುಖ ಮುಖ ನೋಡಿಕೊಂಡರು. ಅಷ್ಟು ಬೀಗ ಮಾರಿದ್ದವನಿಗೂ ಒಳಗೇನಿದೆಯೆಂದು ಗೊತ್ತಿರಲಿಲ್ಲ. ಬೀಗದಮ್ಮ ಪೆಟ್ಟಿಗೆಗೆ ಬೆನ್ನು ಕೊಟ್ಟು ನಿಂತರು. ಆಮೇಲೆ ಒಳಗಿನ ಕೋಣೆಯ ಕಡೆ ನೋಡಿದರು. ಅಲ್ಲಿ ತಂಗಿಗೆಂದು ಹಾಕಿಟ್ಟ ಹಾಸಿಗೆ ಕಾಣುತ್ತಿತ್ತು. ಪಕ್ಕಕ್ಕೆ ಸರಿದರು.

ಪ್ಲಂಬರ್ ಸೊಂಟ ಬಿಗಿದು, ಉಸಿರು ಕಟ್ಟಿ ಎತ್ತಿದ. ಪೆಟ್ಟಿಗೆ ಹೂವಿನ ಬುಟ್ಟಿಯ ಹಾಗೆ ಮೇಲೆದ್ದಿತು. ಅವನೇ ಹಿಂದಕ್ಕೆ ಮುಗ್ಗರಿಸಿದ.

"ಖಾಲಿ!"

"ಮೆತ್ತಗೆ ಹೇಳೋ!" ಬೀಗದಮ್ಮ ಬೀದಿ ನೋಡಿದರು. "ಕಳ್ಳ ಬಂದ್ರೆ ಇದನ್ನೇ ಒಡೀತಾ ಕೂತಿರಲಿ ಅಂತ ಇಟ್ಟಿದ್ದು."

ಪೆಟ್ಟಿಗೆಯ ಕೆಳಗೆ ಕಬ್ಬಿಣದ ಮುಚ್ಚಳ, ಅದರ ಕೆಳಗೆ ಮೀಟರ್. ಎಲ್ಲಾ ನಲ್ಲಿ ನಿಲ್ಲಿಸಿದರು. ಗಾಜು ಒರೆಸಿ ಮೂವರೂ ಬಗ್ಗಿದರು. ಮುಳ್ಳು ಸದ್ದಿಲ್ಲದೆ ತಿರುಗುತ್ತಲೇ ಇತ್ತು.

ಅಂಗಡಿಯವನು ಮೀಸೆಯಲ್ಲೇ ನಕ್ಕ. ಆ ನಗು ಹೆಚ್ಚು ಹೊತ್ತು ಬಾಳಲಿಲ್ಲ. ಪ್ಲಂಬರ್ ಓಣಿಯ ನಲ್ಲಿಯನ್ನು ಅಲ್ಲಾಡಿಸಿ ನೋಡಿದ. ಗೋಡೆಯೊಳಗೆ ಪೈಪೂ ಜೊತೆಗೆ ಅಲ್ಲಾಡಿತು.

"ಈ ಬೀಗ ದಿನಾ ಯಾರಾದ್ರೂ ಜಗ್ಗುತ್ತಾರಾ?"

"ನಾನೇ. ಮಲಗೋ ಮುಂಚೆ. ಸರಿಯಾಗಿ ಬಿದ್ದಿದೆಯಾ ಅಂತ ನೋಡ್ಬೇಡ್ವಾ?"

"ನೋಡಿ ನೋಡೇ ಒಳಗಿನ ಜಾಯಿಂಟು ಬಿಟ್ಟಿದೆ."

ಬೀಗದಮ್ಮ ತಿರುಗಿದರು. "ಜಗ್ಗಿ ನೋಡದ ಬೀಗ ಬೀಗವೇ ಅಲ್ಲ ಅಂತ ಹೇಳಿಕೊಟ್ಟೋನು ನೀನೇ ತಾನೆ?"

ಅಂಗಡಿಯವನು ಹೌದೆನ್ನಲೇಬೇಕಾಯಿತು. ಎಲ್ಲ ಗಿರಾಕಿಗಳಿಗೂ ಹೇಳುವ ಮಾತು ಅದು.

ಶನಿವಾರ ಆಸ್ಪತ್ರೆಗೆ ಹೋಗಬೇಕು. ಪೈಪಿನ ಜಾಯಿಂಟು ಸರಿಯಾಯಿತು, ಗೋಡೆಯ ಕೆಲಸ ಇನ್ನೂ ಮುಗಿದಿಲ್ಲ. ಬಾಗಿಲು ಯಾರ ಕೈಗೆ ಒಪ್ಪಿಸುವುದು? ಬೀಗದಮ್ಮ ಕೀಲಿಗೊಂಚಲನ್ನು ಅಂಗಡಿಯ ಕಟ್ಟೆಯ ಮೇಲಿಟ್ಟು, ಕೈ ಹಾಗೇ ಚಾಚಿದರು.

"ನಿನ್ನ ಅಂಗಡಿ ಕೀಲಿ ಕೊಡು. ನಾನು ಬರೋವರೆಗೂ ನನ್ನ ಹತ್ತಿರ ಇರಲಿ."

ಅವನು ಕೊಟ್ಟ. ಸಂಜೆ ತಂಗಿಯನ್ನು ಎತ್ತಿ ತಂದು, ಒದ್ದೆ ಗಾರೆ ಕೆತ್ತಿ ತೆಗೆದ ಗೋಡೆಯಿಂದ ದೂರಕ್ಕೆ ಎಳೆದಿದ್ದ ಮಂಚದ ಮೇಲೆ ಮಲಗಿಸಿದ ಮೇಲೆ, ಬೀಗದಮ್ಮ ಬಂದು ಕೀಲಿಗಳನ್ನು ಒಂದೊಂದಾಗಿ ಎಣಿಸಿಕೊಂಡರು. ಅಂಗಡಿಯ ಕೀಲಿ ವಾಪಸು ಕೊಟ್ಟರು. ಆಮೇಲೆ ಗೊಂಚಲಿನಿಂದ ಮುಂಬಾಗಿಲಿನ ಕೀಲಿಯನ್ನು ಬಿಡಿಸಿ ಕಟ್ಟೆಯ ಮೇಲಿಟ್ಟರು.

"ನನಗೇನಾದ್ರೂ ಆದ್ರೆ ಅವಳಿಗೆ ಎದ್ದು ಬಂದು ಬಾಗಿಲು ತೆಗೆಯೋಕಾಗಲ್ಲ. ಇಟ್ಕೋ. ನಂಬಿಕೆ ಗಿಂಬಿಕೆ ಏನಿಲ್ಲ, ಹತ್ತಿರದಲ್ಲಿರೋನು ನೀನೊಬ್ಬನೇ."

ಅಂಗಡಿಯವನು ಅಂದರೆ ನಾನು. ಆ ಕೀಲಿ ನನ್ನ ಗಲ್ಲಾಪೆಟ್ಟಿಗೆಯಲ್ಲಿದೆ. ಅವರು ಕೇಳಿದ ದಿನ ಹಿಂದಕ್ಕೆ ಕೊಡಬೇಕು. ಕೂಗಿದ ದಿನ ಹೋಗಿ ಬಾಗಿಲು ತೆಗೆಯಬೇಕು.